ಮೃಗಾಲಯದ ಕೀಪರ್‌ಗೆ ಕಾಡಿನಲ್ಲಿ ಏನು ಕೆಲಸ?

ಕೆಸರುಗಾಲು ಕೇಳಿದ್ದು:

ಮೊನ್ನೆ ಒಂದು ಮೃಗಾಲಯಕ್ಕೆ ಹೋಗಿದ್ದೆ. ಆಮೆ ಕೊಳದ ಪಕ್ಕ ಒಂದು ಬೋರ್ಡು. ನಮ್ಮ ಸಿಬ್ಬಂದಿ ಅಳಿವಿನಂಚಿನ ಸರೀಸೃಪಗಳನ್ನು ಕಾಡಿನಲ್ಲೂ ಉಳಿಸಲು ದುಡಿಯುತ್ತಾರೆ ಅಂತ ಬರೆದಿತ್ತು. ಅಷ್ಟೇ. ಯಾವ ಪ್ರಾಣಿ, ಯಾವ ನದಿ, ಏನು ಕೆಲಸ, ಒಂದೂ ಇಲ್ಲ. ಬೋರ್ಡಿನ ಕೆಳಗೇ ಒಬ್ಬರು ಉದ್ದ ಕೋಲಿನ ಬಲೆ ಹಿಡಿದು ನೀರಿನಿಂದ ಪ್ಲಾಸ್ಟಿಕ್ ಬಾಟಲಿ ಎತ್ತುತ್ತಿದ್ದರು. ಇವರು ಕಾಡಿಗೆ ಯಾವಾಗ ಹೋಗ್ತಾರಪ್ಪಾ ಅನ್ನಿಸಿತು. ಕೇಳೋಕೆ ಧೈರ್ಯ ಬರಲಿಲ್ಲ.

ಇಲ್ಲಿ ಕೇಳುತ್ತಿರುವುದಕ್ಕೆ ಕಾರಣ ಇದೆ. ಪ್ರಾಣಿಶಾಸ್ತ್ರ ಓದಿ ಮುಗಿಸಿದ್ದೇನೆ. ಸರೀಸೃಪ ವಿಭಾಗದಲ್ಲಿ ಕೀಪರ್ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆ ಇದೆ. ಮನೆಯಲ್ಲಿ ಮಾತ್ರ ಒಂದೇ ಮಾತು: "ಇಷ್ಟು ಓದಿ ಹಾವಿನ ಬೋನು ತೊಳೆಯೋಕೆ ಹೋಗ್ತೀಯಾ?" ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ. ಬೋರ್ಡಿನಲ್ಲಿ ಬರೆದಿದ್ದು ನಿಜವೇ? ಬೋನಿನ ಒಳಗೆ ಕಲಿತದ್ದು ಹೊರಗೆ ಯಾವ ಉಪಯೋಗಕ್ಕೆ ಬರುತ್ತದೆ?

ಬಿಸಿಲುಕಲ್ಲು:

ಅರ್ಧ ಬೋರ್ಡುಗಳು ಬರೀ ಬಣ್ಣ ಅಂತಲೇ ಇಟ್ಟುಕೊಳ್ಳಿ. ಮೃಗಾಲಯದವರನ್ನು ಕೇಳಿದರೆ ಮೊದಲು ಡಿಯಾಗೋ ಅನ್ನೋ ಆಮೆಯ ಕಥೆ ಹೇಳುತ್ತಾರೆ. ಗಲಾಪಗೋಸ್‌ನ ಎಸ್ಪನ್ಯೋಲಾ ದ್ವೀಪದಲ್ಲಿ ದೈತ್ಯ ಆಮೆಗಳು ಬರೀ 14 ಉಳಿದಿದ್ದವು, 12 ಹೆಣ್ಣು, 2 ಗಂಡು. ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಅದೇ ದ್ವೀಪದ ಒಂದು ಗಂಡು ಇತ್ತು. 1970ರ ದಶಕದಲ್ಲಿ ಅದನ್ನು ಗಲಾಪಗೋಸ್‌ನಲ್ಲೇ ಮರಿ ಮಾಡಿಸುವ ಕೇಂದ್ರಕ್ಕೆ ವಾಪಸ್ ಕಳಿಸಿದರು. ನೂರಾರು ಮರಿಗಳ ಅಪ್ಪ ಆಯಿತು. 2020ರಲ್ಲಿ ದ್ವೀಪಕ್ಕೆ ಮರಳಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದರ ಪೌರುಷವನ್ನೇ ಬರೆದವು.

ಆದರೆ ಡಿಎನ್‌ಎ ಲೆಕ್ಕದಲ್ಲಿ ಡಿಯಾಗೋ ಪಾಲು ಸುಮಾರು ಶೇ. 40. ಉಳಿದ ಮರಿಗಳಲ್ಲಿ ಬಹುಪಾಲು ಇ-5 ಅನ್ನುವ ಇನ್ನೊಂದು ಗಂಡಿನವು. ಅದಕ್ಕೆ ಒಂದು ಹೆಸರೂ ಇಡಲಿಲ್ಲ ಪಾಪ! ಇನ್ನೊಂದು ವಿಷಯ. ಆ ದ್ವೀಪದಲ್ಲಿ ಆಡುಗಳು ಹಸಿರನ್ನೆಲ್ಲ ಮೇಯ್ದು ಬೋಳು ಮಾಡಿದ್ದವು. 1978ರ ಹೊತ್ತಿಗೆ ಅವನ್ನು ಪೂರ್ತಿ ತೆಗೆದರು. ಅದಾಗದಿದ್ದರೆ ಬಿಟ್ಟ ಮರಿಗಳು ತಿನ್ನುವುದೇನು, ಮಣ್ಣಾ? ಆಡು ತೆಗೆದವರ ಫೋಟೋ ಮಾತ್ರ ಯಾವ ಬೋರ್ಡಿನಲ್ಲೂ ಕಾಣೋಲ್ಲ.

ಹಳೇ ಕೀಪರ್:

ಆ ಬಲೆ ಹಿಡಿದವನು ನಾನೂ ಆಗಿರಬಹುದಿತ್ತು. 22 ವರ್ಷ ಅದೇ ಕೆಲಸ. ಈಗ ನಿವೃತ್ತಿ. ಬಾಟಲಿ ಎತ್ತಿದ್ದೇ ಜಾಸ್ತಿ, ಅದನ್ನು ಮುಚ್ಚಿಡೋಲ್ಲ. ಆದರೆ ಆ 22 ವರ್ಷದಲ್ಲಿ ಮೂರು ವಾರ ಚಂಬಲ್ ನದಿಯ ಮರಳದಂಡೆಯಲ್ಲಿ ಘರಿಯಾಲ್ ಗೂಡಿನ ತಂಡದ ಜೊತೆ ಇದ್ದೆ. ನಿಮ್ಮ ಪ್ರಶ್ನೆಗೆ ಅಲ್ಲಿಂದಲೇ ಉತ್ತರ ಹೇಳುತ್ತೇನೆ.

ಘರಿಯಾಲ್ ಗೊತ್ತಲ್ಲ, ಉದ್ದ ಸಪೂರ ಮೂತಿಯ ಮೊಸಳೆ. ಬೆಳೆದ ಗಂಡಿನ ಮೂತಿಯ ತುದಿಯಲ್ಲಿ ಗಡಿಗೆಯಂಥ ಗಂಟು. ಹೆಣ್ಣು ಎತ್ತರದ ಮರಳದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಮೊದಲ ದಿನ ಬೆಳಗ್ಗೆ ನಾನು ದಂಡೆ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡಿದೆ. ಮರಳು. ಬರೀ ಮರಳು. ಜೊತೆಗಿದ್ದ ಮೀನುಗಾರರೊಬ್ಬರು ನನ್ನ ಕಾಲ ಹತ್ತಿರವೇ ತೋರಿಸಿದರು. ಬಾಲ ಎಳೆದ ಗೀರು ನೀರಿನಿಂದ ಮೇಲೆ ಬಂದು, ಸುತ್ತಿ, ವಾಪಸ್ ಹೋಗಿತ್ತು. ಅವರು ಒಂದು ಸಣ್ಣ ಕೋಲು ಒತ್ತುತ್ತಾ ಹೋದರು. ಕುಳಿತ ಮರಳಿನಲ್ಲಿ ಕೋಲು ತಡೆಯುತ್ತದೆ. ಒಂದು ಕಡೆ ಸರಕ್ಕನೆ ಇಳಿಯಿತು. "ಇಲ್ಲಿ" ಅಂದರು. ನಾನು ಹತ್ತು ವರ್ಷ ಮೊಸಳೆ ಸಾಕಿದವನು. ಕಾಡಿನ ಗೂಡು ಹುಡುಕೋಕೆ ಅವತ್ತು ಒಂದನೇ ಕ್ಲಾಸು.

ಆಮೇಲೆ ಮೊಟ್ಟೆ ಒಯ್ದು ಮರಿ ಮಾಡಿಸೋಕೆ ಗೂಡು ಬಿಚ್ಚುವ ಹೊತ್ತು ಬಂತು. ಆಗ ಆತ ಹಿಂದೆ ಸರಿದು ನನಗೆ ಜಾಗ ಬಿಟ್ಟರು. ಯಾಕೆ ಅಂತ ಹೇಳುತ್ತೇನೆ.

ಕೋಳಿ ಮೊಟ್ಟೆಯನ್ನು ಕಾವಿನಲ್ಲಿ ಆಗಾಗ ಹೊರಳಿಸಬೇಕು. ಮೊಸಳೆ, ಆಮೆ ಮೊಟ್ಟೆಯನ್ನು ಹೊರಳಿಸಲೇಬಾರದು. ಇಟ್ಟು ಒಂದು ದಿನ ಆಗುವುದರೊಳಗೆ ಒಳಗಿನ ಭ್ರೂಣ ಮೇಲ್ಭಾಗದ ಪೊರೆಗೆ ಅಂಟಿಕೊಳ್ಳುತ್ತದೆ. ಮಗುಚಿದರೆ ಕಿತ್ತುಬಂದು ಸಾಯುತ್ತದೆ. ಅದಕ್ಕೇ ಮೊಟ್ಟೆ ಮರಳಿನಲ್ಲಿ ಇರುವಾಗಲೇ, ಇನ್ನೂ ಮುಟ್ಟುವ ಮೊದಲೇ, ನೆತ್ತಿಯ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗುರುತು. ಆಮೇಲೆ ಎರಡು ಬೆರಳು ಅಡಿಯಲ್ಲಿ ತೂರಿಸಿ, ಹಾಗೇ ಮೇಲಕ್ಕೆ. ಗುರುತು ಆಕಾಶ ನೋಡುತ್ತಲೇ ಇರಬೇಕು. ಘರಿಯಾಲ್ ಮೊಟ್ಟೆ ದೊಡ್ಡದು, ಬಾತುಕೋಳಿ ಮೊಟ್ಟೆಯ ಎರಡರಷ್ಟು ತೂಕ. ಒಂದು ಗೂಡಿನಲ್ಲಿ ಮೂವತ್ತು ನಲವತ್ತು ಇರುತ್ತವೆ. ಅದೇ ಗೂಡಿನ ಒದ್ದೆ ಮರಳನ್ನು ಪೆಟ್ಟಿಗೆಗೆ ತುಂಬಿ, ಒಂದೊಂದನ್ನೂ ಕೂರಿಸಿ, ಜೀಪಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗುವುದು. ಗುಂಡಿ ಬಂದಾಗಲೆಲ್ಲ ಡ್ರೈವರ್ ಬೆನ್ನಿಗೆ ಗುದ್ದುತ್ತಿದ್ದೆ.

ಇದು ದೊಡ್ಡ ವಿದ್ಯೆ ಏನಲ್ಲ. ಆದರೆ ಕೈಗೆ ಅಭ್ಯಾಸ ಬೇಕು. ಕಾಡಿನಲ್ಲಿ ಕೆಲಸ ಮಾಡುವವರಿಗೆ ವರ್ಷಕ್ಕೆ ಒಂದು ಸೀಸನ್ ಮಾತ್ರ ಮೊಟ್ಟೆ ಸಿಗುತ್ತದೆ. ಬೇರೆ ಬೇರೆ ಜಾತಿಯದು ಸೇರಿ ನನ್ನ ಕೈಯಲ್ಲಿ ಆಗಲೇ ಸಾವಿರಾರು ಹಾದುಹೋಗಿದ್ದವು. ಹಾದುಹೋದವುಗಳಲ್ಲಿ ಕೆಟ್ಟವೂ ಇದ್ದವು ಅಂತ ಇಟ್ಟುಕೊಳ್ಳಿ.

ಒಂದು ಸಲದ್ದು ಹೇಳುತ್ತೇನೆ, ತಪ್ಪು ಪೂರ್ತಿ ನನ್ನದು. ನಕ್ಷತ್ರ ಆಮೆ ಮೊಟ್ಟೆಗಳನ್ನು ಇನ್‌ಕ್ಯುಬೇಟರಿನ ಕೆಳಗಿನ ತಟ್ಟೆಯಲ್ಲಿ ಇಟ್ಟಿದ್ದೆ. ಥರ್ಮಾಮೀಟರ್ ಮೇಲಿನ ತಟ್ಟೆಯಲ್ಲಿ. ಮೇಲೆ ಸರಿಯಾಗಿತ್ತು, ಕೆಳಗೆ ಎರಡು ಡಿಗ್ರಿ ಕಡಿಮೆ. ಏಳು ಮರಿ ಬಂದವು, ಚುರುಕಾಗಿದ್ದವು, ನಾನು ಬೀಗಿದ್ದೇ ಬೀಗಿದ್ದು. ಸುಮಾರು ಆಮೆಗಳಲ್ಲಿ ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನಿಸುವುದು ಕಾವಿನ ಬಿಸಿ. ಬಿಸಿ ಜಾಸ್ತಿಯಾದರೆ ಹೆಣ್ಣು, ಕಡಿಮೆಯಾದರೆ ಗಂಡು. ಮರಿಯಲ್ಲಿ ನೋಡಿದರೆ ಗೊತ್ತಾಗೋಲ್ಲ. ಐದಾರು ವರ್ಷ ಕಳೆದ ಮೇಲೆ ಗೊತ್ತಾಯಿತು, ಏಳಕ್ಕೆ ಏಳೂ ಗಂಡು! ಇದನ್ನೇ ಕಾಡಿಗೆ ಬಿಡುವ ಯೋಜನೆಯಲ್ಲಿ ಮಾಡಿದ್ದರೆ? ಅವತ್ತಿಂದ ತಟ್ಟೆಗೊಂದು ಥರ್ಮಾಮೀಟರ್, ಜೊತೆಗೆ ನೋಟ್‌ಬುಕ್. ಆಮೇಲೆ ಚಂಬಲ್‌ಗೆ ಹೋದಾಗ ಗೂಡಿನೊಳಗೆ ಬಿಸಿ ಅಳೆಯುವ ಪುಟ್ಟ ಯಂತ್ರವನ್ನು ಎಷ್ಟು ಆಳಕ್ಕೆ ಹೂಳಬೇಕು ಅಂತ ಮಾತು ಬಂತು. ನಾನು "ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು" ಅಂತ ಹಟ ಹಿಡಿದೆ. ಯಾಕೆ ಹಟ ಅಂತ ಅಲ್ಲಿ ಯಾರಿಗೂ ಹೇಳಲಿಲ್ಲ.

ಮನೆಯವರಿಗೆ ಹೇಳೋಕೆ ಇನ್ನೊಂದು ಉದಾಹರಣೆ ಇಟ್ಟುಕೊಳ್ಳಿ. ಅಮೆರಿಕದ ವಾಯವ್ಯದಲ್ಲಿ ಪಶ್ಚಿಮದ ಕೊಳದ ಆಮೆ ಅಂತ ಇದೆ. ವಾಷಿಂಗ್ಟನ್ ರಾಜ್ಯದಲ್ಲಿ 1990ರ ಸುಮಾರಿಗೆ ನೂರೈವತ್ತರಷ್ಟು ಉಳಿದಿದ್ದವು. ಕಪ್ಪೆಗಳು ಇದರ ಮರಿ ನುಂಗುತ್ತವೆ. ಹೊರಗಿನಿಂದ ಬಂದ ಬುಲ್‌ಫ್ರಾಗ್ ಅನ್ನೋ ದಢೂತಿ ಕಪ್ಪೆ. ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯ, ಪೋರ್ಟ್‌ಲ್ಯಾಂಡ್‌ನ ಒರೆಗಾನ್ ಮೃಗಾಲಯ, ಎರಡೂ ಮರಿಗಳನ್ನು ಸುಮಾರು ಹತ್ತು ತಿಂಗಳು ಬೆಚ್ಚಗೆ ಇಟ್ಟು ಸಾಕುತ್ತವೆ. ಚಳಿನಿದ್ದೆ ಇಲ್ಲ, ಊಟ ನಿಲ್ಲೋಲ್ಲ. ಕಾಡಿನಲ್ಲಿ ಮೂರು ವರ್ಷಕ್ಕೆ ಆಗುವ ಗಾತ್ರ ಅಷ್ಟರಲ್ಲೇ ಬರುತ್ತದೆ. ಕಪ್ಪೆಯ ಬಾಯಿಗೆ ಹಿಡಿಸದಷ್ಟು ದೊಡ್ಡದಾದ ಮೇಲೆ ಬಿಡುತ್ತಾರೆ. ಲೆಕ್ಕ ಅಷ್ಟೇ, ಕಪ್ಪೆ ಬಾಯಿಯ ಅಳತೆ.

ಕೆಸರುಗಾಲು:

ಸರ್, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಎರಡು ಪ್ರಶ್ನೆ. ಹೀಗೆ ಕೈಯಲ್ಲಿ ಸಾಕಿ ಬಿಟ್ಟವು ಬದುಕುತ್ತವಾ? ಮತ್ತೆ, ಮರಿಗಳ ಮೇಲೆ ಪ್ರೀತಿ ಬಂದುಬಿಡೋಲ್ವಾ?

ಗಾಜಿನಪಟ್ಟಿ:

ಮಧ್ಯೆ ಬಾಯಿ ಹಾಕುತ್ತೇನೆ. ನಾನು ಪಶುವೈದ್ಯೆ, ಕೆಲ ವರ್ಷ ಮೃಗಾಲಯದಲ್ಲಿದ್ದೆ.

ಬದುಕುತ್ತವಾ ಅನ್ನುವುದಕ್ಕಿಂತ ಮೊದಲಿನ ಪ್ರಶ್ನೆ, ಅವು ಒಳಗಿನಿಂದ ಏನು ಹೊತ್ತುಕೊಂಡು ಹೋಗುತ್ತವೆ ಅನ್ನುವುದು. ಮೃಗಾಲಯದಲ್ಲಿ ನಾಲ್ಕು ಖಂಡದ ಪ್ರಾಣಿಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ. ಬಿಡುಗಡೆಗೆ ಇಟ್ಟ ಮರಿಗಳಿಗೆ ಬೇರೆ ಕೋಣೆ, ಬೇರೆ ಬಕೆಟ್, ಬೇರೆ ಬೂಟು. ಬೆಳಗ್ಗೆ ಮೊದಲು ಅಲ್ಲಿಗೆ ಹೋಗಬೇಕು, ಆಮೇಲೆ ಉಳಿದ ಬೋನುಗಳಿಗೆ. ಉಲ್ಟಾ ಹೋಗುವ ಹಾಗಿಲ್ಲ. ಇದನ್ನು ಕಾಯುವವರು ಕೀಪರ್‌ಗಳೇ. ನಾವು ವೈದ್ಯರು ಬರೀ ಕಾಗದದ ಮೇಲೆ ಸಹಿ ಹಾಕುತ್ತೇವೆ.

ಕಾಡಿನಲ್ಲಿ ರೋಗ ಬಂದಾಗ ಮೃಗಾಲಯದವರು ಬೇಕಾಗಿದ್ದಕ್ಕೆ ಎರಡು ಉದಾಹರಣೆ. 2007ರ ಡಿಸೆಂಬರ್‌ನಿಂದ ಚಂಬಲ್‌ನ ಕೆಳಭಾಗದಲ್ಲಿ ಘರಿಯಾಲ್‌ಗಳು ಸಾಯತೊಡಗಿದವು. ಕೆಲವೇ ತಿಂಗಳಲ್ಲಿ ನೂರಕ್ಕೂ ಹೆಚ್ಚು. ಬೇರೆ ಬೇರೆ ದೇಶಗಳ ವೈದ್ಯರು ಬಂದರು, ಮೃಗಾಲಯಗಳವರೂ ಇದ್ದರು. ಹೆಣ ಕೊಯ್ದಾಗ ಮೂತ್ರಪಿಂಡ ಕೆಟ್ಟು, ಒಳಗಿನ ಅಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣ ಬಳಿದ ಹಾಗೆ ಕೂತಿತ್ತು. ಗೌಟ್. ಮೂತ್ರಪಿಂಡ ಕೆಡಿಸಿದ ವಿಷ ಯಾವುದು ಅನ್ನುವುದು ಕೊನೆಗೂ ಬಗೆಹರಿಯಲಿಲ್ಲ.

ಇನ್ನೊಂದು ಆಸ್ಟ್ರೇಲಿಯಾದ ಬೆಲ್ಲಿಂಜರ್ ನದಿ. ಆ ಒಂದು ನದಿಯಲ್ಲಿ ಮಾತ್ರ ಇರುವ ಆಮೆ. 2015ರಲ್ಲಿ ಹೊಸ ವೈರಸ್ ಬಂದು ದೊಡ್ಡ ಆಮೆಗಳಲ್ಲಿ ಬಹುತೇಕ ಎಲ್ಲವನ್ನೂ ಕೊಂದಿತು. ರೋಗ ಇನ್ನೂ ಮುಟ್ಟದ ಕಡೆಯಿಂದ ಕೆಲವೇ ಆಮೆಗಳನ್ನು ತಂದರು. ಸಿಡ್ನಿಯ ಟರೋಂಗಾ ಮೃಗಾಲಯ ಅವುಗಳಿಂದ ಮರಿ ಮಾಡಿಸಿತು. 2018ರಿಂದ ಮರಿಗಳನ್ನು ನದಿಗೆ ಬಿಡುತ್ತಿದ್ದಾರೆ. ಆ ಕೆಲವು ಆಮೆಗಳಿಗೆ ಏನು ತಿನ್ನಿಸಬೇಕು, ನೀರು ಎಷ್ಟು ಬೆಚ್ಚಗಿರಬೇಕು ಅಂತ ಕೂತು ಯೋಚಿಸೋಕೆ ಸಮಯ ಇರಲಿಲ್ಲ. ಆಮೆ ಸಾಕಿ ಕೈ ಪಳಗಿದವರು ಮೊದಲೇ ಇರಬೇಕಾಗಿತ್ತು, ಇದ್ದರು.

ಹಳೇ ಕೀಪರ್:

ಡಾಕ್ಟರಮ್ಮ ಬಕೆಟ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ಬಕೆಟ್ ಬದಲಾದರೆ ನಮ್ಮಲ್ಲಿ ಯುದ್ಧವೇ ಆಗುತ್ತಿತ್ತು.

ಬದುಕುತ್ತವಾ? ಸುಳ್ಳು ಹೇಳೋಲ್ಲ. ಭಾರತದಲ್ಲಿ ಮೊಸಳೆ ಯೋಜನೆ ಶುರುವಾಗಿದ್ದು 1975ರಲ್ಲಿ. ಕಾಡಿನ ಮೊಟ್ಟೆ ತಂದು ಮರಿ ಮಾಡಿಸಿ, ಮೂರು ವರ್ಷ ಸಾಕಿ, ಒಂದು ಮೀಟರ್ ದಾಟಿದ ಮೇಲೆ ನದಿಗೆ. ಹಾಗೆ 5,000ಕ್ಕೂ ಹೆಚ್ಚು ಘರಿಯಾಲ್ ಬಿಟ್ಟಿದ್ದಾರೆ. ಆದರೂ 2006ರ ಅಂದಾಜಿನಲ್ಲಿ ಮೊಟ್ಟೆ ಇಡುವ ವಯಸ್ಸಿನವು 200ಕ್ಕಿಂತ ಕಡಿಮೆ. 2007ರಲ್ಲಿ ಅತಿ ಅಪಾಯದ ಪಟ್ಟಿಗೆ ಹೋಯಿತು. ಬಿಟ್ಟವು ಎಲ್ಲಿ ಹೋದವು? ಬಲೆಗೆ ಸಿಕ್ಕವು, ಪ್ರವಾಹಕ್ಕೆ ಕೊಚ್ಚಿಹೋದವು, ಮರಳು ಲಾರಿ ಹತ್ತಿದ ದಂಡೆಯಲ್ಲಿ ಗೂಡಿಗೆ ಜಾಗ ಇಲ್ಲ. ಎಷ್ಟು ಬಿಟ್ಟೆವು ಅಂತ ಎಣಿಸಿದ್ದೇ ಎಣಿಸಿದ್ದು, ಬಿಟ್ಟ ಮೇಲೆ ಹಿಂದೆ ಹೋಗಿ ನೋಡಿದವರು ಕಡಿಮೆ. ಆಮೇಲೆ ಚಂಬಲ್‌ನಲ್ಲಿ ಸಂಖ್ಯೆ ಚೇತರಿಸಿಕೊಂಡಿದೆ, ಅದಕ್ಕೆ ನದಿಯನ್ನು ಕಾದವರಿಗೇ ಹೆಚ್ಚು ಪುಣ್ಯ ಸಲ್ಲಬೇಕು. ಬಿಸಿಲುಕಲ್ಲು ಆಡಿನ ಮಾತು ಹೇಳಿದಾಗ ನನಗೆ ಕೋಪ ಬರಲಿಲ್ಲ, ಸರಿಯಾಗಿಯೇ ಹೇಳಿದ್ದಾರೆ.

ಕೆರಿಬಿಯನ್ ಸಮುದ್ರದ ಆಂಟಿಗುವಾ ದ್ವೀಪದ ರೇಸರ್ ಹಾವಿನದ್ದೂ ಅದೇ ಕಥೆ. 1995ರಲ್ಲಿ ಗ್ರೇಟ್ ಬರ್ಡ್ ಅನ್ನೋ ಪುಟ್ಟ ದ್ವೀಪದಲ್ಲಿ ಸುಮಾರು 50 ಉಳಿದಿದ್ದವು. ಜೆರ್ಸಿ ಮೃಗಾಲಯದಲ್ಲಿ ಸಾಕಿ ಮರಿ ಮಾಡಿಸೋಕೆ ನೋಡಿದರು, ಆರೋಗ್ಯ ಕೆಟ್ಟು ಅದು ಹೇಳಿಕೊಳ್ಳುವಂತೆ ಆಗಲಿಲ್ಲ. ಕೆಲಸ ಮಾಡಿದ್ದು ಇಲಿ ತೆಗೆದಿದ್ದು. ದ್ವೀಪದ ಇಲಿಗಳನ್ನು ಪೂರ್ತಿ ತೆಗೆದ ಮೇಲೆ ಹಾವು ತಾನಾಗಿ ಹೆಚ್ಚಿತು, ಅಕ್ಕಪಕ್ಕದ ದ್ವೀಪಗಳಲ್ಲೂ ಇಲಿ ತೆಗೆದು ಅಲ್ಲಿಗೂ ಹಾವು ಬಿಟ್ಟರು. ಇವತ್ತು ಸಾವಿರದ ಆಚೆ. ಇದಕ್ಕೂ ಜೆರ್ಸಿ ಮೃಗಾಲಯ ನಡೆಸುವ ಸಂಸ್ಥೆಯವರು ಕೈಜೋಡಿಸಿದ್ದರು. ಮೃಗಾಲಯದ ಸಂಬಳದಲ್ಲಿ ಹೋಗಿ ಇಲಿ ಹಿಡಿಯುವುದೂ ಹಾವು ಉಳಿಸುವ ಕೆಲಸವೇ ಅಲ್ವಾ?

ಚೆನ್ನಾಗಿ ಆದದ್ದೂ ಇದೆ. ಪಶ್ಚಿಮ ಆಸ್ಟ್ರೇಲಿಯಾದ ಜೌಗು ಆಮೆ, ಅಂಗೈಯಗಲದ್ದು. ಅಳಿದೇ ಹೋಯಿತು ಅಂದುಕೊಂಡಿದ್ದರು. 1953ರಲ್ಲಿ ಒಬ್ಬ ಶಾಲಾ ಹುಡುಗನ ಹತ್ತಿರ ಸಿಕ್ಕಿತು. 1980ರ ದಶಕದ ಕೊನೆಗೆ ಒಟ್ಟು 50ಕ್ಕಿಂತ ಕಡಿಮೆ. ಆಗಿನಿಂದ ಪರ್ತ್ ಮೃಗಾಲಯ ಮರಿ ಮಾಡಿಸುತ್ತಿದೆ, ಸಾವಿರ ದಾಟಿದೆ. ಹೆಣ್ಣು ಸಲಕ್ಕೆ ಇಡುವುದೇ ಮೂರರಿಂದ ಐದು ಮೊಟ್ಟೆ, ದೊಡ್ಡದಾಗೋಕೆ ಹತ್ತು ವರ್ಷ ಬೇಕು, ಅಂಥದ್ದರಲ್ಲಿ ಸಾವಿರ! ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಇನ್ನೊಂದು. ಉಳಿದ ಆಮೆಗಳೆಲ್ಲ ಹಿಂಗಾಲಿನಲ್ಲಿ ಗೂಡು ತೋಡುತ್ತವೆ. ಇದು ಮುಂಗಾಲಿನಲ್ಲಿ ತೋಡಿ, ಆಮೇಲೆ ತಿರುಗಿ ಮೊಟ್ಟೆ ಇಡುತ್ತದೆ. ಮಳೆ ಕಡಿಮೆಯಾಗಿ ಅದರ ಜೌಗು ಬೇಗ ಒಣಗುತ್ತಿದೆ ಅಂತ 2016ರಲ್ಲಿ ಕೆಲವನ್ನು ಇನ್ನೂ ದಕ್ಷಿಣಕ್ಕೆ, ತಂಪು ಜಾಗಕ್ಕೆ ಒಯ್ದು ಬಿಟ್ಟು ನೋಡಿದರು. ಆ ಆಮೆ ಹಿಂದೆಂದೂ ಇರದ ಜಾಗ.

ಬಿಟ್ಟ ಮೇಲೆ ಹಿಂದೆ ಹೋಗಿ ನೋಡೋಕೆ ರೇಡಿಯೋ ಬೇಕು, ಪ್ರಾಣಿ ಎಲ್ಲಿದೆ ಅಂತ ಸಂಕೇತ ಕಳಿಸುವ ಪುಟ್ಟ ಯಂತ್ರ. ಅದರಲ್ಲೂ ನಮ್ಮ ಪಾಲಿದೆ. ಕಾಡಿನ ಆಮೆಗೆ ಅಂಟಿಸುವ ಮೊದಲು ನಮ್ಮ ಕೊಳದ ಆಮೆಗೆ ಒಂದು ಡಮ್ಮಿ ಅಂಟಿಸಿ ನೋಡಿದ್ದೆವು. ದೇಹದ ತೂಕದ ಶೇ. 5 ದಾಟಬಾರದು ಅನ್ನೋದು ಸಾಮಾನ್ಯ ಲೆಕ್ಕ, ಅದರೊಳಗೇ ಇತ್ತು. ಮೊದಲನೆಯದು ನಾಲ್ಕು ದಿನಕ್ಕೆ ಉದುರಿತು, ಚಿಪ್ಪಿನ ಪಾಚಿ ಸರಿಯಾಗಿ ಉಜ್ಜಿರಲಿಲ್ಲ. ಎರಡನೆಯದರ ಆಂಟೆನಾ ಬೇರಿಗೆ ಸಿಕ್ಕಿ ಆಮೆ ನೀರಿನೊಳಗೇ ಒದ್ದಾಡುತ್ತಿತ್ತು, ನಾನು ಬಟ್ಟೆ ಸಮೇತ ಹಾರಿದೆ. ಕಾಡಿನಲ್ಲಾಗಿದ್ದರೆ ಯಾರು ಹಾರುತ್ತಿದ್ದರು? ಮೂರನೆಯದಕ್ಕೆ ಆಂಟೆನಾವನ್ನು ಚಿಪ್ಪಿನ ಅಂಚಿನ ಉದ್ದಕ್ಕೂ ಮಲಗಿಸಿದೆವು, ನಿಂತಿತು. ಚಿಕ್ಕ ಆಮೆಗೆ ಅಂಟಿಸುವಾಗ ಎರಡು ಫಲಕದ ಸಂದಿಯ ಮೇಲೆ ಅಂಟು ಬೀಳಬಾರದು. ಚಿಪ್ಪು ಬೆಳೆಯುವುದು ಆ ಸಂದಿಯಲ್ಲೇ. ಅಲ್ಲಿ ಅಂಟು ಕೂತರೆ ಚಿಪ್ಪು ಸೊಟ್ಟಗಾಗುತ್ತದೆ.

ಪ್ರೀತಿ. ಬರುತ್ತದೆ ಮಾರಾಯರೇ, ಬರದೆ ಏನು. ಅದಕ್ಕೇ ಬಿಡುಗಡೆಯ ಮರಿಗಳಿಗೆ ನಾವು ಹೆಸರು ಇಡುತ್ತಿರಲಿಲ್ಲ. ತಟ್ಟಿಯ ಹಿಂದೆ ನಿಂತು ಮೀನು ಎಸೆಯುವುದು, ಮಾತಾಡದೆ. ಮನುಷ್ಯ ಕಂಡರೆ ಊಟ ಬಂತು ಅಂದುಕೊಂಡ ಮೊಸಳೆ ನದಿಯಲ್ಲಿ ದೋಣಿ ಕಂಡರೆ ಹತ್ತಿರ ಬರುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಒಂದು ಮರಿ ಇತ್ತು, ನನ್ನ ಬೂಟಿನ ಸದ್ದು ಕೇಳಿದರೆ ಸಾಕು, ತೊಟ್ಟಿಯ ಈ ತುದಿಗೆ ಬಂದುಬಿಡೋದು. ಮೂರು ತಿಂಗಳು ನಾನು ಆ ಸಾಲಿಗೇ ಹೋಗಲಿಲ್ಲ, ಬೇರೆಯವರನ್ನು ಹಾಕಿಸಿದೆ. ಮತ್ತೆ ಹೋದಾಗ ಗುಳುಂ ಅಂತ ಮುಳುಗಿತು. ಖುಷಿಯಾಯಿತು. ಆ ಸಂಜೆ ಮನೆಗೆ ಹೋಗಿ ಯಾರ ಹತ್ತಿರವೂ ಮಾತಾಡಲಿಲ್ಲ.

ಬಿಸಿಲುಕಲ್ಲು:

ಇದನ್ನೆಲ್ಲ ಬೋರ್ಡಿನಲ್ಲಿ ಬರೆದರೆ ಓದೋಕೆ ನಾನೇ ಟಿಕೆಟ್ ತಗೊಂಡು ಬರ್ತೀನಿ.

ಕೆಸರುಗಾಲು:

ಅರ್ಜಿ ಹಾಕಿದೆ. ಮನೆಯಲ್ಲಿ ಕಪ್ಪೆ ಬಾಯಿಯ ಅಳತೆಯ ಕಥೆ ಹೇಳಿದೆ. ಅಪ್ಪ ನಕ್ಕರು, ಅಮ್ಮ ಇನ್ನೂ ಇಲ್ಲ. ಸಂದರ್ಶನಕ್ಕೆ ಹೋಗುವಾಗ ಏನು ಓದಿಕೊಂಡು ಹೋಗಲಿ ಸರ್?

ಹಳೇ ಕೀಪರ್:

ಓದು ಇದ್ದೇ ಇರುತ್ತದೆ. ಬೋನು ತೊಳೆಯೋಕೆ ಬೇಜಾರಿಲ್ಲ ಅಂತ ಅವರು ಕೇಳುವ ಮೊದಲೇ ಹೇಳಿ. ತೊಳೆಯುವಾಗಲೇ ಹಿಕ್ಕೆ ಕಾಣೋದು, ಹಿಕ್ಕೆ ನೋಡಿದರೆ ಕಾಯಿಲೆ ಎರಡು ದಿನ ಮೊದಲೇ ಗೊತ್ತಾಗುತ್ತದೆ. ಕೆಲಸ ಸಿಕ್ಕರೆ ಜೇಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಇರಲಿ, ಮೆತ್ತನೆಯದು, 2ಬಿ. ಪೆನ್ನು ಬೇಡ, ಮಾರ್ಕರ್ ಅಂತೂ ಬೇಡವೇ ಬೇಡ. ಮೊಟ್ಟೆ ಚಿಪ್ಪಿಗೆ ಕಣ್ಣಿಗೆ ಕಾಣದ ತೂತುಗಳಿವೆ, ಅದು ಅಲ್ಲಿಂದಲೇ ಉಸಿರಾಡುತ್ತದೆ.